ಏಳು ಗಂಟೆಗೇ ಬಂದಿಳಿದ ಬೀಗರು

ಬೆಳಿಗ್ಗೆ ಏಳಕ್ಕೆ ಹುಮನಾಬಾದಿನ ಕಲ್ಯಾಣ ಮಂಟಪದ ಮುಂದೆ ಮೂರು ಟೆಂಪೋ ಬಂದು ನಿಂತಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ.

ಇಳಿದವರು ಕೊಹಿನೂರು ಹಳ್ಳಿಯ ಬೀಗರು, ವರನ ಕಡೆಯವರು. ರೇಷ್ಮೆ ಸೀರೆ, ತಲೆಗೆ ಸುತ್ತಿದ ಪಟಗಾ... ಪೂರ್ತಿ ತಯಾರಾಗಿ! ಅಕ್ಷತೆ ಇದ್ದದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ಒಳಗೆ ಮದುಮಗಳು, ನನ್ನ ಸೋದರಮಾವನ ಮಗಳು ಅಂಬಿಕಾ, ಸ್ನಾನ ಕೂಡ ಮಾಡಿರಲಿಲ್ಲ. ಅಡುಗೆಯವರು ಆಗಷ್ಟೇ ಒಲೆ ಹಚ್ಚುತ್ತಿದ್ದರು.

"ಮುಹೂರ್ತ ಬದಲ್ ಮಾಡೀರಿ, ಬಾಯಿ ಬಿಟ್ಟು ಹೇಳಾಕ ಏನಾಗಿತ್ರಿ? ಫೋನ್ ಹಚ್ಚಿದ್ರ ಯಾರೂ ಎತ್ತವಲ್ರಿ!" ಎಂದು ವರನ ದೊಡ್ಡಪ್ಪ ಮೊಬೈಲ್ ಮುಂದೆ ಹಿಡಿದರು.

"ಅಕ್ಷತೆ: ಬೆಳಿಗ್ಗೆ 7:00."

ಅದು ನಾನು ಕಳಿಸಿದ ಮೆಸೇಜ್!

ಬಸವಕಲ್ಯಾಣದಲ್ಲಿ ನನ್ನದು ಲಗ್ನಪತ್ರಿಕೆ ಅಂಗಡಿ. ಮದುವೆಯ ಹಿಂದಿನ ದಿನ ನೆಂಟರಿಗೆ ನೆನಪಿನ ಮೆಸೇಜ್ ಕಳಿಸುವ ಸಣ್ಣ ಸಾಫ್ಟ್‌ವೇರ್ ನಾನೇ ಬರೆದಿದ್ದೆ. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಎರಡು ವರ್ಷ ತಕರಾರಿಲ್ಲದೆ ನಡೆದಿತ್ತು.

ಆಮೇಲೆ ವಿಡಿಯೋ ನೋಡುವ ಚಟ ಹತ್ತಿತು ನೋಡಿ... ಎಲ್ಲರದೂ ಒಂದೇ ಜಪ, ಕಂಟೇನರ್! ಸಾಫ್ಟ್‌ವೇರನ್ನೂ ಅದಕ್ಕೆ ಬೇಕಾದದ್ದನ್ನೂ ಒಂದೇ ಡಬ್ಬಿಯಲ್ಲಿ ಕಟ್ಟಿಡೋದು. ಎಲ್ಲಿ ಹಾಕಿದರೂ ಒಂದೇ ಥರ ಓಡುತ್ತದಂತೆ. ಕಳೆದ ವಾರ ನಾನೂ ಕಟ್ಟಿ, ಇಂಟರ್ನೆಟ್ಟಿನ ಬಾಡಿಗೆ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಹಾಕಿದೆ.

ಸುಳ್ಳು ಹೇಳಲ್ಲ, ಹಳೇ ಕಂಪ್ಯೂಟರಿನಲ್ಲಿ ಕೂಡಿಸಲು ಎರಡು ದಿನ ಹಿಡಿದದ್ದು ಇಲ್ಲಿ ಹತ್ತೇ ನಿಮಿಷ. ಕರೆಂಟ್ ಹೋದರೂ ನಿಲ್ಲಲ್ಲ ಅಂತಲೂ ಬೀಗಿದ್ದೆ. ಅದು ಸರ್ವರಿನ ಪುಣ್ಯ, ಡಬ್ಬಿಯದಲ್ಲ.

ಆದರೆ ಡಬ್ಬಿಯೊಳಗಿನ ಗಡಿಯಾರ ನಮ್ಮ ದೇಶದ್ದಲ್ಲ! ನಾವಾಗಿ ಹೇಳದಿದ್ದರೆ ಅದು ಐದೂವರೆ ತಾಸು ಹಿಂದೆ. ಹನ್ನೆರಡೂವರೆಯನ್ನು ಏಳು ಮಾಡಿ ಬೀಗರ ಕಡೆಯವರಿಗೆಲ್ಲ ಹಂಚಿತ್ತು. ಮೆಸೇಜ್ ಹೋಯಿತಾ ಅಂತ ನೋಡಿದ್ದೆ, ಏನು ಹೋಯಿತು ಅಂತ ನೋಡಿರಲಿಲ್ಲ.

ಮಾವ ಬೀಗರ ಮುಂದೆ ಕೈಮುಗಿದು ನಿಂತಿದ್ದಾರೆ. ಮಗಳ ಮದುವೆಯ ದಿನ ಮಾಡದ ತಪ್ಪಿಗೆ...

"ತಪ್ಪು ನಂದ್ರಿ, ಮಾವಂದಲ್ಲ" ಎಂದು ಎಲ್ಲರೆದುರು ಹೇಳಿಬಿಟ್ಟೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ಕೊನೆಗೆ ಸಿಟ್ಟು ಇಳಿಸಿದವರು ವರನ ಅಜ್ಜಿ. "ಸೊಸಿನ್ನ ಕರ್ಕೊಂಡು ಹೋಗಾಕ ಬಂದೀವಿ, ಜಗಳಾಡಾಕಲ್ಲ. ಮದ್ಲ ಚಾ ಇಡ್ರಿ!"

ಅಕ್ಷತೆ ಹನ್ನೆರಡೂವರೆಗೇ ಬಿತ್ತು.

ಸಂಜೆ ಮಾವ ಮೆಲ್ಲಗೆ ಕೇಳಿದರು, "ಹಳೇ ಕಂಪ್ಯೂಟರ್ದಾಗ ಛಲೋ ನಡದಿತ್ತಲ್ಲವ್ವಾ, ಯಾಕ ಬದಲ್ ಮಾಡಿದಿ?"

ಕರೆಂಟಿನ ನೆಪ ಹೇಳಬಹುದಿತ್ತು. ಹೇಳಲಾಗಲಿಲ್ಲ.

"ಎಲ್ಲಾರೂ ಮಾಡಾಕತ್ತಾರಂತ ಮಾಡಿದೆ, ಮಾವಾ."

ನಿಮ್ಮಲ್ಲೂ ಕಂಟೇನರಿಗೆ ಹೋದವರಿದ್ದರೆ, ಯಾಕೆ ಹೋದಿರಿ? ನಿಜ ಹೇಳಿ.