ಇಂದುಬಾಯಿಯ ಅವ್ವನ ಪಟ

ಕೊರೊನಾ ಕಳೆದ ಮೇಲಿನ ಎರಡನೆಯ ಚಳಿಗಾಲ. ಬೀದರಿನ ಮೈಲೂರಿನಲ್ಲಿ ಊರವರೇ ಕೂಡಿ ನಡೆಸುತ್ತಿದ್ದ ಸಣ್ಣದೊಂದು ಆರ್ಟ್ ಗ್ಯಾಲರಿಗೆ ನಾನು ಪ್ರದರ್ಶನಾಧಿಕಾರಿಯಾಗಿದ್ದೆ. ಹೆಸರು ಕೇಳಿದವರು ದೊಡ್ಡ ಹುದ್ದೆ ಅಂದುಕೊಳ್ಳುತ್ತಿದ್ದರು. ಯಾವ ಚಿತ್ರವನ್ನು ಯಾವ ಗೋಡೆಗೆ, ಎಷ್ಟು ಎತ್ತರಕ್ಕೆ, ಯಾವ ಬೆಳಕಿನಲ್ಲಿ ತೂಗುಹಾಕಬೇಕೆಂದು ತೀರ್ಮಾನಿಸುವುದು, ಏಣಿ ಹತ್ತಲು ಯಾರೂ ಸಿಗದ ದಿನ ನಾನೇ ಸೆರಗು ಸಿಕ್ಕಿಸಿಕೊಂಡು ಮೊಳೆ ಹೊಡೆಯುವುದು, ಇಷ್ಟೇ ನನ್ನ ಕೆಲಸ. ಅದನ್ನು ಇಷ್ಟಪಟ್ಟು ಮಾಡಿದೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದರೂ ಯಾರದಾದರೂ ಮನೆಗೆ ಹೋದರೆ ಕ್ಯಾಲೆಂಡರು ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದೇ ಮೊದಲು ಕಣ್ಣು ಹೋಗುತ್ತದೆ.

ಗ್ಯಾಲರಿ ಇದ್ದದ್ದು ಒಂದು ಹಳೆಯ ಮನೆಯಲ್ಲಿ. ದಪ್ಪ ಗೋಡೆ, ಎತ್ತರದ ಕಿಟಕಿ, ಕಮಾನುಗಳಿಂದ ಒಂದಕ್ಕೊಂದು ಸೇರಿಕೊಂಡ ಮೂರು ಕೋಣೆಗಳು, ನಡುವೆ ಅಲ್ಲಲ್ಲಿ ಕಂಬ. ಚಳಿಗಾಲದ ಮಧ್ಯಾಹ್ನ ಬಿಸಿಲು ಕಿಟಕಿಯಿಂದ ಇಳಿದು, ನೆಲ ದಾಟಿ, ಎದುರಿನ ಗೋಡೆಯನ್ನು ಮೆಲ್ಲಗೆ ಹತ್ತುತ್ತಿತ್ತು. ಅದನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮೇಡಂ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ ಎಂದು ಕಚೇರಿಯವರು ನಗುತ್ತಿದ್ದರು. ಅವರಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ವರ್ಷ ನಾವು ಮಾಡಿದ್ದು ಭಾಲ್ಕಿಯ ಮಾಣಿಕರಾವ್ ಎಂಬ ಹಿರಿಯ ಪೇಂಟರ್‌ರ ಪ್ರದರ್ಶನ. ಎಪ್ಪತ್ತೈದು ದಾಟಿದವರು. ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆದವರು, ಆದರೆ ಅವರ ನಿಜವಾದ ಕಸುಬು ತೀರಿಹೋದವರ ಭಾವಚಿತ್ರ. ಸುತ್ತಿನ ಹಳ್ಳಿಗಳಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಜನ ಒಂದು ಸಣ್ಣ ಫೋಟೋ ಹಿಡಿದು ಮಾಣಿಕರಾವ್ ಬಳಿ ಬರುತ್ತಿದ್ದರು. ಅವರು ಅದನ್ನು ನೋಡಿಕೊಂಡು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆದು ಕೊಡುತ್ತಿದ್ದರು. ಮನೆಯವರು ಧೂಳಿಗೆ ಹೆದರಿ ಗಾಜು ಹಾಕಿಸಿ, ಪಟ ಮಾಡಿ ಗೋಡೆಗೆ ಏರಿಸುತ್ತಿದ್ದರು. ಆ ಪಟಗಳನ್ನು ಮನೆಮನೆಯಿಂದ ಎರವಲು ತಂದು, ಒಂದೇ ಕಡೆ ತೂಗುಹಾಕಿ ತೋರಿಸಬೇಕೆಂಬುದು ನಮ್ಮ ಯೋಚನೆ. ಮಾಣಿಕರಾವ್ ಮೊದಲು ಒಪ್ಪಲಿಲ್ಲ. ಅವು ದೇವರ ಕೋಣೆಯ ಪಕ್ಕದಲ್ಲಿರುವ ಪಟಗಳು, ತಮಾಷೆಗೆ ತರುವಂಥವಲ್ಲ ಎಂದರು. ಬಹಳ ಹೇಳಿದ ಮೇಲೆ, ನಿಮ್ಮ ಇಷ್ಟ ಎಂದು ಸುಮ್ಮನಾದರು.

ಬಾಡಿಗೆ ಜೀಪಿನಲ್ಲಿ ಹಳೆಯ ಬೆಡ್‌ಶೀಟುಗಳ ಗಂಟು ಇಟ್ಟುಕೊಂಡು ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳನ್ನು ತಿರುಗಿದೆ. ತೊಗರಿ ಹೂವಿನ ಹಳದಿ ರಸ್ತೆಯ ಎರಡೂ ಕಡೆ ಹಬ್ಬಿತ್ತು. ಜನ ಅನುಮಾನವಿಲ್ಲದೆ ತಮ್ಮ ತಾಯಿತಂದೆಯರನ್ನು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟರು. ಸುಲಭವಾಗಿ ಕೊಡದವಳು ಒಬ್ಬಳೇ, ಮೆಹಕರದ ಇಂದುಬಾಯಿ. ನಲವತ್ತೈದರ ಆಸುಪಾಸಿನ ಹೆಂಗಸು, ಅಪ್ಪನ ಮನೆಯಲ್ಲೇ ಉಳಿದವಳು. ಒಬ್ಬಳು ಮಗಳು, ಮನೆ ತುಂಬ ಕುರಿ, ಎರಡು ತುಂಡು ಹೊಲ. ಅವಳ ಮನೆಯ ಪಡಸಾಲೆಯಲ್ಲಿ ಹಸಿರು ಸೀರೆಯುಟ್ಟ ಹೆಂಗಸಿನ ಪಟ ತೂಗುತ್ತಿತ್ತು.

“ನಾ ಹುಟ್ಟಿದ ದಿನಾನೇ ಹೋದಳ್ರಿ ನಮ್ಮವ್ವ,” ಎಂದಳು ಇಂದುಬಾಯಿ. “ಈ ಫೋಟೋ ಬಿಟ್ರ ನನಗ ಆಕಿ ಗೊತ್ತೇ ಇಲ್ಲರಿ. ಸಂತಿಗಿ ಹೋಗಬೇಕಾದ್ರೂ ಇಕಿಗಿ ಹೇಳೇ ಹೋಗ್ತೇನಿ. ಹ್ಯಾಂಗ ಕೊಡ್ಲಿ ಹೇಳ್ರಿ.”

ಬಲವಂತ ಮಾಡುವುದು ನನ್ನ ಸ್ವಭಾವವಲ್ಲ. ಚಹಾ ಕುಡಿದು ಎದ್ದೆ. ಜೀಪು ಹತ್ತುವಷ್ಟರಲ್ಲಿ ಅವಳೇ ಪಟವನ್ನು ಎದೆಗವಚಿಕೊಂಡು ಹೊರಗೆ ಬಂದಳು. ಪ್ರದರ್ಶನದ ದಿನ ತಾನೂ ಬಂದು ನೋಡುವುದಾಗಿ ಹೇಳಿ, ಗಾಜಿನ ಮೇಲೆ ಕೈಯಾಡಿಸಿ, “ಬೀದರ ನೋಡ್ಕೊಂಡ್ ಬಾರವ್ವ” ಎಂದು ಪಟಕ್ಕೆ ಹೇಳಿ ನನ್ನ ಕೈಗಿಟ್ಟಳು.

ಪಟಗಳೆಲ್ಲ ಬಂದು ಸೇರಿದ ಮೇಲೆ ಒಂದು ಮಧ್ಯಾಹ್ನ ನಾನೊಬ್ಬಳೇ ಕೂತು ಬೆಡ್‌ಶೀಟುಗಳನ್ನು ಬಿಚ್ಚಿದೆ. ಯಾವುದರ ಪಕ್ಕ ಯಾವುದು ಒಪ್ಪುತ್ತದೆಂದು ನೋಡಲು, ಮೊಳೆ ಹೊಡೆಯುವ ಮೊದಲು ಚಿತ್ರಗಳನ್ನೆಲ್ಲ ನೆಲದ ಮೇಲೆ ಗೋಡೆಗೆ ಒರಗಿಸಿಡುವುದು ನಮ್ಮ ಪದ್ಧತಿ. ಬಿಸಿಲು ಅವುಗಳ ಮೇಲೆ ಒಂದೊಂದಾಗಿ ಹಾಯ್ದು ಹೋಗುತ್ತಿತ್ತು. ಠಾಣಾ ಕುಶನೂರಿನಿಂದ ಬಂದ ಕೆಂಪು ಸೀರೆಯ ಹೆಂಗಸಿನ ಮೇಲೆ ಅದು ನಿಂತಾಗ ಇವಳನ್ನು ಈಗಷ್ಟೇ ನೋಡಿದೆನಲ್ಲ ಅನ್ನಿಸಿತು. ಎಡಗಡೆಯ ಹುಬ್ಬು ತುಸು ಮೇಲೆ, ತುಟಿಯ ಕೆಳಗೆ ಸಾಸಿವೆಯಷ್ಟು ಮಚ್ಚೆ. ಹಿಂದಿರುಗಿ ನೋಡಿದರೆ ಇಂದುಬಾಯಿಯ ಅವ್ವನದೂ ಅದೇ ಹುಬ್ಬು, ಅದೇ ಮಚ್ಚೆ. ಕಣ್ಣುಜ್ಜಿಕೊಂಡು ಮತ್ತೆ ಸುತ್ತಿ ಬಂದೆ. ಒಟ್ಟು ಐದು ಪಟಗಳಲ್ಲಿ ಅದೇ ಮುಖ. ಸೀರೆಯ ಬಣ್ಣ ಬೇರೆ, ಮೂಗುತಿ ಬೇರೆ, ಒಬ್ಬಳ ಹಣೆಯಲ್ಲಿ ಅಗಲ ಕುಂಕುಮ, ಇನ್ನೊಬ್ಬಳ ಹಣೆ ಬರಿದು. ಒಬ್ಬಳೇ ಹೆಂಗಸು ಐದು ಮನೆಗಳಿಂದ ಹೊರಟು ನಮ್ಮ ಹಾಲ್‌ಗೆ ಬಂದು ಸೇರಿಕೊಂಡಿದ್ದಳು. ಎಷ್ಟು ಹೊತ್ತು ಹಾಗೆ ಕೂತೆನೋ ಗೊತ್ತಿಲ್ಲ. ನಾನು ಎದ್ದು ಹೋದರೆ ಈ ಐವರೂ ತಮ್ಮತಮ್ಮಲ್ಲೇ ಮಾತು ಶುರುಮಾಡುತ್ತಾರೆ, ನನಗಾಗಿಯೇ ತಡೆದಿದ್ದಾರೆ ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಭಾಲ್ಕಿಗೆ ಹೋದೆ. ಮಾಣಿಕರಾವ್ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ನಾನು ಐದು ಪಟಗಳ ಮಾತು ಎತ್ತುತ್ತಲೇ ತಲೆ ತಗ್ಗಿಸಿದರು.

“ಆಕಿ ನಮ್ಮಕ್ಕರಿ,” ಎಂದರು. “ಅವ್ವ ಹೊಲಕ್ಕ ಹೋದ್ರ ನನ್ನ ಟೊಂಕದ ಮ್ಯಾಲ ಹೊತ್ಕೊಂಡು ತಿರಗ್ಯಾಡಿದಾಕಿ. ಲಗ್ನಾಗಿ ವರ್ಷದಾಗ ಜ್ವರ ಬಂದು ಹೋದಳು. ಫೋಟೋ ಗೀಟೋ ಏನೂ ಇರಲಿಲ್ಲ.”

ಆಮೇಲೆ ಪಟಗಳ ಮಾತಿಗೆ ಬಂದರು. “ಒಬ್ಬೊಬ್ರು ಬಂದು, ಫೋಟೋ ಇಲ್ಲರಿ, ಆದ್ರೂ ಬರೀರಿ ಅಂತ ಅಳ್ತಿದ್ರು. ಮೂಗು ಹ್ಯಾಂಗಿತ್ತು ಅಂದ್ರ ಛಲೋ ಇತ್ತು ಅಂತಿದ್ರು. ಕಣ್ಣು ಹ್ಯಾಂಗಿದ್ವು ಅಂದ್ರ ಭಾಳ ಮಾಯಾ, ಪ್ರೀತಿ ಇತ್ತು ಅಂತಿದ್ರು. ಮಾಯಾ ಅಂದ್ರ ನನಗ ನೆನಪಾಗಾಕಿ ಅಕ್ಕ ಒಬ್ಬಾಕೇ ನೋಡ್ರಿ. ಕುಂಚ ಹಿಡದ್ರ ಆಕೇ ಬಂದುಬಿಡ್ತಿದ್ದಳು. ಮೆಹಕರದ ಆ ಹುಡುಗಿ ಅಪ್ಪ ನಾ ಬರೆದ ಪಟ ನೋಡಿ, ಹೌದ್ರಿ, ಇಕೇ ಅಂದ. ಕಣ್ಣ ತುಂಬ ನೀರಿತ್ತು, ಏನ್ ಕಾಣ್ತೋ ಏನೋ.”

ಐದೂ ಪಟಗಳನ್ನು ತೆಗೆದಿಟ್ಟುಬಿಡಿ ಎಂದು ಅವರು ಕೈಮುಗಿದು ಕೇಳಿದರು. ಉಳಿದ ನಾಲ್ಕು ಮನೆಗಳಲ್ಲಿ ತೀರಿಹೋದವರನ್ನು ಕಣ್ಣಾರೆ ಕಂಡ ಹಿರಿಯರಿದ್ದರು. ಪಟ ಅವರಿಗೊಂದು ನೆಪ ಮಾತ್ರ. ಇಂದುಬಾಯಿಗೆ ಹಾಗಲ್ಲ. ಅವಳಿಗೆ ತಾಯಿ ಎಂದರೆ ಆ ಹಸಿರು ಸೀರೆಯ ಮುಖ ಮಾತ್ರ. ಅದೇ ಮುಖ ಬೇರೆಯವರ ತಾಯಿಯಾಗಿಯೂ ತೂಗುವುದನ್ನು ಕಂಡರೆ ಅವಳಿಗೆ ಉಳಿಯುವುದೇನು? ಉಳಿದ ನಾಲ್ಕನ್ನು ತೆಗೆದಿಟ್ಟರೆ ನಂಬಿ ಕೊಟ್ಟ ಆ ಮನೆಯವರು ಬಂದು ಕೇಳುತ್ತಾರೆ. ಅವಳ ಪಟ ತೆಗೆದಿಟ್ಟರೂ ಕಷ್ಟ. ತನ್ನ ಅವ್ವನನ್ನು ಗ್ಯಾಲರಿಯಲ್ಲಿ ನೋಡಲೆಂದು ಬಸ್ಸು ಹತ್ತಿ ಬರುವವಳಿಗೆ ನಾನು ಯಾವ ಮುಖ ಹೊತ್ತು ಏನು ಹೇಳಲಿ?

ಕೊನೆಗೆ ನನ್ನ ಕಸುಬನ್ನೇ ನಂಬಿದೆ. ನಮ್ಮಲ್ಲಿ ಸೈಟ್‌ಲೈನ್ ಎನ್ನುತ್ತಾರೆ. ನೋಡುವವರು ಒಂದು ಕಡೆ ನಿಂತರೆ ಅಲ್ಲಿಂದ ಏನೇನು ಕಣ್ಣಿಗೆ ಬೀಳುತ್ತದೆ ಎಂಬ ಲೆಕ್ಕ ಅದು. ಐದು ಪಟಗಳನ್ನೂ ಮೂರು ಕೋಣೆಗಳಲ್ಲಿ ಚದುರಿಸಿ ಹಾಕಿದೆ. ಯಾವುದೇ ಒಂದರ ಮುಂದೆ ನಿಂತವರು ಹಿಂದಿರುಗಿ ನೋಡಿದರೂ ಇನ್ನೊಂದು ಕಾಣಬಾರದು, ನಡುವೆ ಕಂಬವೋ ಗೋಡೆಯೋ ಮರೆಯಾಗಬೇಕು. ಇಂದುಬಾಯಿಯ ಅವ್ವನನ್ನು ಬಾಗಿಲಿಗೆ ಹತ್ತಿರದ ಕೋಣೆಯಲ್ಲಿ ಇಟ್ಟೆ. ಅವಳು ಅದನ್ನು ನೋಡಿ, ಚಹಾ ಕುಡಿದು, ಒಳಗಿನ ಕೋಣೆಗಳಿಗೆ ಹೋಗದೆ ಬಸ್ಸು ಹಿಡಿಯಲಿ ಎಂಬ ಆಸೆ. ಗಾಜಿನ ಮೇಲೆ ಕಿಟಕಿಯ ಬೆಳಕು ಹೊಳೆಯದಂತೆ ಪಟಗಳ ಮೇಲ್ತುದಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದೆ. ಹಳ್ಳಿಯ ಮನೆಗಳಲ್ಲೂ ಅವು ಹಾಗೆಯೇ ಬಾಗಿ ತೂಗುತ್ತವೆ.

ಉದ್ಘಾಟನೆಯ ದಿನ ಇಂದುಬಾಯಿ ಹೊಸ ಇಳಕಲ್ ಸೀರೆಯುಟ್ಟು ಬಂದಳು. ಬರುವುದಿಲ್ಲ ಎಂದಿದ್ದ ಮಾಣಿಕರಾವ್ ಕೂಡ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಭಾಷಣ, ಶಾಲು, ಹಾರ ಎಲ್ಲ ಮುಗಿದು ಜನ ತಿರುಗಾಡತೊಡಗಿದರು. ಇಂದುಬಾಯಿ ಅವ್ವನ ಮುಂದೆ ನಿಂತಳು, ಕೈಮುಗಿದಳು, ಆಮೇಲೆ ಬೇರೆಯವರಿಗೆ ಅಡ್ಡವಾಗಬಾರದೆಂದು ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತುಬಿಟ್ಟಳು. ಮನೆಯಲ್ಲಿ ಕಾಳು ಹಸನು ಮಾಡುವಾಗ, ಕುರಿಮರಿಗೆ ಹಾಲು ಕುಡಿಸುವಾಗ ಅವಳು ಆ ಪಟವನ್ನು ನೆಲದಿಂದಲೇ ನೋಡಿ ರೂಢಿ. ನನ್ನ ಲೆಕ್ಕವೆಲ್ಲ ನಿಂತು ನೋಡುವವರಿಗಾಗಿ ಹಾಕಿದ್ದು.

ಒಳಗಿನ ಕೋಣೆಯ ಗೋಡೆಗೆ ಆಗತಾನೇ ಬಿಸಿಲು ಹತ್ತಿತ್ತು. ಅಲ್ಲಿದ್ದ ಕುಶನೂರಿನ ಕೆಂಪು ಸೀರೆಯವಳು ಆ ಬಿಸಿಲಿನಲ್ಲಿ ಬೆಳಗುತ್ತಿದ್ದಳು. ಇಂದುಬಾಯಿಯ ಅವ್ವನ ಪಟದ ಬಾಗಿದ ಗಾಜು ಕನ್ನಡಿಯಾಗಿ, ಕಂಬ ತಪ್ಪಿಸಿ ಕಮಾನಿನೊಳಗಿಂದ ಅವಳನ್ನು ತಂದು ಹಸಿರು ಸೀರೆಯವಳ ಹೆಗಲ ಪಕ್ಕದಲ್ಲಿ ನಿಲ್ಲಿಸಿತ್ತು. ಕೆಳಗೆ ಕೂತವರಿಗೆ ಮಾತ್ರ ಕಾಣುವಂತೆ.

“ಮೇಡಂರಿ,” ಎಂದು ಇಂದುಬಾಯಿ ಮೆತ್ತಗೆ ಕರೆದಳು. “ನಮ್ಮವ್ವನ ಬೆನ್ನ ಹಿಂದ ಇನ್ನೊಬ್ಬಾಕಿ ನಿಂತಾಳ್ರಿ. ಆಕೀನೂ ನಮ್ಮವ್ವನೇ ಅದಾಳ.”

ಅವಳು ಎದ್ದು ಕಮಾನು ದಾಟಿದಳು. ಕನಸಿನಲ್ಲಿ ನಡೆಯುವವರ ಹಾಗೆ ಒಂದೊಂದು ಕೋಣೆಯೊಳಗೆ ಹೋಗಿ ಬಂದಳು. ಐವರ ಮುಂದೆಯೂ ನಿಂತಳು. ಕೊನೆಗೆ ಮಾಣಿಕರಾವ್ ಕುರ್ಚಿಯ ಬಳಿ ಬಂದು, “ಕಾಕಾ, ಇಕಿ ಯಾರ್ರಿ?” ಎಂದಳು. ಅವರು ಮುಚ್ಚಿಡಲಿಲ್ಲ, ಅಕ್ಕನ ಕಥೆ ಹೇಳಿದರು. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು.

“ಹಂಗಾದ್ರ ನಮ್ಮವ್ವ ಎಲ್ಲಿ ಅದಾಳ್ರಿ?”

ಮುದುಕರು ಅತ್ತುಬಿಟ್ಟರು. ಇಂದುಬಾಯಿ ಅಳಲಿಲ್ಲ. ಹಸಿರು ಸೀರೆಯ ಪಟದ ಕಡೆ ತಿರುಗಿ ಕೂಡ ನೋಡದೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅವಳ ಹಿಂದೆ ಗೇಟಿನವರೆಗೂ ಹೋದೆ, ಅವಳು ನಿಲ್ಲಲಿಲ್ಲ. ನನ್ನ ಜೀವಕ್ಕೆ ಅಷ್ಟು ಸಂಕಟವಾದ ದಿನಗಳು ಕಡಿಮೆ.

ಪ್ರದರ್ಶನ ಚೆನ್ನಾಗಿಯೇ ನಡೆಯಿತು. ಕುಶನೂರಿನ ಯಜಮಾನರು ಎರಡು ಪಟಗಳನ್ನು ಹೋಲಿಸಿ ನೋಡಿ, “ಹಿಂದಿನ ಹೆಣ್ಮಕ್ಕಳೆಲ್ಲ ಹಿಂಗೇ ಇರ್ತಿದ್ರು ಬಿಡ್ರಿ” ಎಂದು ನಗುತ್ತಾ ಊಟಕ್ಕೆ ಹೋದರು. ಉಳಿದ ಮನೆಯವರಿಗೆ ಗೊತ್ತಾಯಿತೋ ಇಲ್ಲವೋ, ಯಾರೂ ತಕರಾರು ಮಾಡಲಿಲ್ಲ. ಪ್ರದರ್ಶನ ಮುಗಿದಾಗ ಎಲ್ಲರೂ ಬಂದು ತಮ್ಮ ಪಟ ಒಯ್ದರು. ಮೆಹಕರದಿಂದ ಯಾರೂ ಬರಲಿಲ್ಲ.

ಹಸಿರು ಸೀರೆಯವಳನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಾನೇ ಹೊರಟೆ. ದಾರಿಯಲ್ಲಿ ಭಾಲ್ಕಿಯಲ್ಲಿ ಮಾಣಿಕರಾವ್ ಜೀಪು ನಿಲ್ಲಿಸಿ ಒಂದು ಮಾತು ಹೇಳಿ ಕಳಿಸಿದರು. ಇಂದುಬಾಯಿ ಒಪ್ಪಿದರೆ ಅವಳ ಮುಖವನ್ನೂ ಅವಳ ಮಗಳ ಮುಖವನ್ನೂ ಎದುರಿಗೆ ಕೂರಿಸಿಕೊಂಡು, ಅವುಗಳಿಂದ ತಾಯಿಯ ಮುಖ ಹುಡುಕಿ ಹೊಸ ಪಟ ಬರೆದುಕೊಡುತ್ತೇನೆ, ಕೈ ನಡುಗಿದರೂ ಬರೆಯುತ್ತೇನೆ ಎಂದಿದ್ದರು.

ಇಂದುಬಾಯಿ ಕುರಿಹಟ್ಟಿಯಲ್ಲಿದ್ದಳು. ಕೈ ತೊಳೆದುಕೊಂಡು ಬಂದು ಪಡಸಾಲೆಯಲ್ಲಿ ಕೂತಳು. ಗೋಡೆಯ ಮೇಲೆ ಬರೀ ಮೊಳೆ ಇತ್ತು. ಹೊಸ ಪಟದ ಮಾತು ಹೇಳಿದೆ. ಈ ಸಲವಾದರೂ ನಿಜವಾದ ತಾಯಿಗೆ ಹತ್ತಿರದ ಮುಖ ಸಿಗುತ್ತದೆ ಎಂದೂ ಸೇರಿಸಿದೆ. ಅವಳು ಬೆಡ್‌ಶೀಟು ಬಿಚ್ಚಿ, ಸೆರಗಿನಿಂದ ಗಾಜು ಒರೆಸತೊಡಗಿದಳು.

“ಬ್ಯಾಡ್ರಿ ಮೇಡಂ. ಹೊಸಾಕಿ ಬಂದ್ರ ಆಕಿಗಿ ನಾ ಯಾರಂತ ಗೊತ್ತರಿ? ನಾ ಅಂಬೆಗಾಲಿಟ್ಟಿದ್ದು, ಬಾಣಂತಿ ಆಗಿ ಮಲಗಿದ್ದು, ನಮ್ಮಪ್ಪ ಹ್ವಾದಾಗ ಅತ್ತಿದ್ದು, ಎಲ್ಲಾ ಇದೇ ಗೋಡಿ ಮುಂದ.” ಪಟವನ್ನೆತ್ತಿ ಮೊಳೆಗೆ ಹಾಕಿ, ಮೇಲ್ತುದಿಯನ್ನು ಅವಳೇ ಸ್ವಲ್ಪ ಮುಂದಕ್ಕೆ ಬಾಗಿಸಿದಳು. “ನಾ ನಮ್ಮವ್ವನ್ನ ನೋಡಿಲ್ಲ, ಖರೇನೇ. ಇಕಿ ನನ್ನ ನೋಡ್ಯಾಳ.”

ಆಮೇಲೂ ಒಂದೆರಡು ವರ್ಷ ಗ್ಯಾಲರಿಯಲ್ಲಿದ್ದೆ. ನೋಡುವವರ ಕಣ್ಣಿನ ಎತ್ತರ ಅಳೆದು ಚಿತ್ರ ಹಾಕುವುದನ್ನು ಮೊದಲೇ ಕಲಿತಿದ್ದೆ, ಅದನ್ನು ಬಿಡಲಿಲ್ಲ. ಮೆಹಕರದಿಂದ ಬಂದ ಮೇಲೆ ಒಂದು ರೂಢಿ ಹೊಸದಾಗಿ ಸೇರಿಕೊಂಡಿತು. ಯಾರ ಮನೆಯಿಂದ ಪಟ ತರುವುದಿದ್ದರೂ, ಇಳಿಸುವ ಮುಂಚೆ ಅದರ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅದು ಇಷ್ಟು ವರ್ಷ ಏನನ್ನು ನೋಡುತ್ತಿತ್ತೋ ಅದನ್ನೆಲ್ಲ ಒಮ್ಮೆ ನೋಡಿಕೊಂಡು, ಆಮೇಲೆ ಎದ್ದು ಮೊಳೆಗೆ ಕೈ ಹಾಕುತ್ತಿದ್ದೆ.