ಮೊದಲ ಕೈಯ ಚೆನ್ನಿಯಪ್ಪನ್

ಕೊಯಮತ್ತೂರಿನಾಚೆ ಅನ್ನೂರು ದಾಟಿದ ಮೇಲೆ, ಹತ್ತಿ ಬೆಳೆಯುತ್ತಿದ್ದ ಕಪ್ಪು ಮಣ್ಣಿನಲ್ಲಿ ಒಂದು ಲೇಔಟ್ ಇದೆ. ಹೆಸರಿಗೆ ದೊಡ್ಡ ನಗರ, ಮನೆ ಮಾತ್ರ ಒಂದೂ ಇಲ್ಲ. ನಡುವೆ ಎರಡು ಲಾರಿ ಸಲೀಸಾಗಿ ಹೋಗುವಂಥ ಡಾಂಬರು ರಸ್ತೆ, ಅತ್ತಿತ್ತ ಹಳದಿ ಬಳಿದ ಗಡಿಕಲ್ಲುಗಳು. ಸೈಟು ಕೊಂಡವರು ಬೆಲೆ ಏರಲಿ ಎಂದು ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಆ ರಸ್ತೆ ನಮ್ಮ ಭಾನುವಾರದ ವಿಮಾನ ನಿಲ್ದಾಣ. ಯಾರಾದರೂ ಅಲ್ಲೊಂದು ಲೋಡು ಇಟ್ಟಿಗೆ ಇಳಿಸಿದರೆ ನಮ್ಮ ಗುಂಪಿಗೆ ಸೂತಕ ಬಂದ ಹಾಗೆ.

ಆ ರಸ್ತೆಗೆ ಚೆನ್ನಿಯಪ್ಪನ್ ರಾಜನಾಗಿದ್ದ. ವಾರವೆಲ್ಲ ಕೊಯಮತ್ತೂರಿನ ಗಾಂಧಿಪುರದಲ್ಲಿ ವೆಟ್ ಗ್ರೈಂಡರ್ ಮಾರುವವನು, ಭಾನುವಾರ ಬೆಳಕು ಹರಿಯುವ ಮುಂಚೆ ವ್ಯಾನಿನಲ್ಲಿ ಪುಟ್ಟ ವಿಮಾನಗಳನ್ನು ಹೇರಿಕೊಂಡು ಹೊರಡುತ್ತಿದ್ದ. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎನ್ನುವುದು ನಮ್ಮ ಕಡೆಯ ಗಾದೆ. "ಕಲ್ಲು ಮಾರೋರು ವಿಮಾನ ಹಾರಿಸ್ತಾರೆ, ಗಾದೆ ಕಟ್ಟಿದೋನು ನಿಮ್ಮನ್ನ ನೋಡೇ ಕಟ್ಟಿರ್ಬೇಕು ಕಣ್ರೀ" ಎಂದು ಹೆಂಡತಿ ವಳ್ಳಿನಾಯಗಿ ರೇಗಿಸುತ್ತಿದ್ದಳು. ಅವನಿಗೆ ಆ ಮಾತು ಇಷ್ಟವೇ ಆಗಿತ್ತು.

ನಮ್ಮಲ್ಲೊಂದು ಪದ್ಧತಿ ಇದೆ. ಹೊಸ ವಿಮಾನ ಕಟ್ಟಿದವನು ಅದನ್ನು ಮೊದಲ ಸಲ ತಾನೇ ಹಾರಿಸುವುದಿಲ್ಲ. ತಿಂಗಳುಗಟ್ಟಲೆ ಬಾಲ್ಸಾ ಎಂಬ ಹಗುರ ಕಟ್ಟಿಗೆ ಕೊಯ್ದು, ಅಂಟು ಹಚ್ಚಿ, ವೈರು ಬೆಸೆದು ಮಾಡಿದವನಿಗೆ ಆ ಹೊತ್ತಿಗೆ ಕೈಕಾಲು ನಡುಗುತ್ತವೆ. ಆದ್ದರಿಂದ ಗುಂಪಿನಲ್ಲಿ ಚೆನ್ನಾಗಿ ಪಳಗಿದವರಿಗೆ ರಿಮೋಟ್ ಪೆಟ್ಟಿಗೆ ಒಪ್ಪಿಸಬೇಕು. ಇದಕ್ಕೆ ಮೊದಲ ಕೈ ಅನ್ನುತ್ತೇವೆ. ಕರ್ಪೂರ ಬೆಳಗಿ, ಗಂಧದ ಬೊಟ್ಟಿಟ್ಟು, ಚಕ್ರದ ಮುಂದೆ ಬಟಾಣಿ ಗಾತ್ರದ ಸುಂಡೆಕಾಯಿ ಇಡುತ್ತೇವೆ. ನಿಂಬೆಹಣ್ಣು ಇಡೋಣವೆಂದರೆ ವಿಮಾನವೇ ಮಗುಚಿಕೊಳ್ಳುತ್ತದೆ. ಸುಂಡೆಕಾಯಿಯಾದರೂ ಒಡೆಯುತ್ತದೆಯೇ ಎಂದರೆ ಅದೂ ಇಲ್ಲ, ವಿಮಾನ ಅದರ ಮೇಲೆ ಒಂದು ಸಲ ಕುಪ್ಪಳಿಸಿ ಹೋಗುತ್ತದೆ, ದೃಷ್ಟಿ ತೆಗೆದಂತಾಯಿತು ಎಂದುಕೊಳ್ಳುತ್ತೇವೆ.

ಆ ಮೊದಲ ಕೈ ವರ್ಷಗಳಿಂದ ಚೆನ್ನಿಯಪ್ಪನದೇ. ಅವನಿಗೆ ಹೊಸ ಬಟ್ಟೆ ಬೇಡ, ಹಬ್ಬ ಬೇಡ, ನೆಂಟರ ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿ ಬೇಡ. "ಅಣ್ಣಾ, ಈ ಭಾನುವಾರ ನೀವೇ ಕೈ ಇಡ್ಬೇಕು" ಎಂದು ಯಾರಾದರೂ ಫೋನು ಮಾಡಿದರೆ ವಾರವೆಲ್ಲ ಅಂಗಡಿಯ ಹುಡುಗರಿಗೆ ಬೈಗುಳ ಇರುತ್ತಿರಲಿಲ್ಲ.

ಅಂಥ ಜಾಗಕ್ಕೆ ಮಂಗೈಯರ್ಕರಸಿ ಬಂದಳು. ನಲವತ್ತು ದಾಟಿದ ಹೆಂಗಸು, ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ. ಅಷ್ಟುದ್ದದ ಹೆಸರು ಕರೆಯಲು ಯಾರಿಗೂ ಪುರುಸೊತ್ತಿಲ್ಲದೆ ಮಂಗೈ ಆದಳು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ವಿಮಾನದ ರೆಕ್ಕೆ ನಿಲ್ಲಿಸಿಕೊಂಡು ಬರುತ್ತಿದ್ದಳು. ಮೊದಲ ದಿನ ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ಅವಳ ವಿಮಾನ ನೆಲಕ್ಕಿಳಿದದ್ದನ್ನು ನೋಡಿದ ಮೇಲೆ ಯಾರೂ ನಗಲಿಲ್ಲ. ಚಕ್ರ ಡಾಂಬರು ಮುಟ್ಟಿದ್ದು ಕಣ್ಣಿಗೂ ಗೊತ್ತಾಗಲಿಲ್ಲ, ಕಿವಿಗೂ ಗೊತ್ತಾಗಲಿಲ್ಲ.

"ಗಾಳಿ ಇರ್ಲಿಲ್ಲ, ಅದಕ್ಕೇ" ಅಂದ ಚೆನ್ನಿಯಪ್ಪನ್.

ಮುಂದಿನ ವಾರ ಗಾಳಿ ಇತ್ತು, ಅಂಗಿ ಪಟಪಟ ಬಡಿಯುವಷ್ಟು. ಅವಳು ಹಾಗೆಯೇ ಇಳಿಸಿದಳು. "ವಿಮಾನ ಒಳ್ಳೇದು, ಅದೇ ಇಳ್ಕೊಳ್ಳುತ್ತೆ" ಅಂದ. ಅದರ ಮುಂದಿನ ವಾರ ಇನ್ನೊಬ್ಬರ ಹಳೇ ಡಬ್ಬ ವಿಮಾನವನ್ನು ಇಳಿಸಿದಳು. ಆ ದಿನ ಅವನು ಫ್ಲಾಸ್ಕಿನ ಕಾಫಿ ಕಹಿ ಎಂದು ನೆಲಕ್ಕೆ ಚೆಲ್ಲಿದ.

ಹೊಟ್ಟೆಕಿಚ್ಚು ಎಂದರೆ ಇದೇ ಎಂದು ಅವನಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಗೊತ್ತಿತ್ತು. ಅವಳು "ಅಣ್ಣಾ" ಎಂದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆಯುತ್ತಿದ್ದರು. ಅವಳು ಸ್ಕೂಟರಿನ ಕಡೆ ಹೋದಾಗ ಅವಳ ವಿಮಾನದ ಹೊಟ್ಟೆ ತೆರೆದು ಇಣುಕಿದ. ವೈರು ಸಡಿಲವಾಗಿರಲಿ, ಬೆಸುಗೆ ಕೆಟ್ಟಿರಲಿ, ದೇವರೇ, ಏನಾದರೊಂದು ಕೊಳಕಾಗಿರಲಿ ಎಂದು ಹುಡುಕಿದ. ಒಂದೊಂದು ಬೆಸುಗೆಯೂ ಮುತ್ತು ಪೋಣಿಸಿದ ಹಾಗಿತ್ತು. ಮುಚ್ಚಿ, ಕೈ ಒರೆಸಿಕೊಂಡ.

ಆಮೇಲೆ ಬಿತ್ತು ನೋಡಿ ಮೊದಲ ಪೆಟ್ಟು. ತಿರುಪ್ಪೂರಿನಲ್ಲಿ ಬನಿಯನ್ನಿಗೆ ಬಣ್ಣ ಹಾಕಿಸುವ ಪೊನ್ನರಸು ಹೊಸ ವಿಮಾನ ತಂದ. ಸುಂಡೆಕಾಯಿ ಇಟ್ಟ, ಕರ್ಪೂರ ಹಚ್ಚಿದ. ಚೆನ್ನಿಯಪ್ಪನ್ ಟೋಪಿ ಸರಿಮಾಡಿಕೊಂಡು ಕೈ ಚಾಚಿದ. ಪೊನ್ನರಸು ಪೆಟ್ಟಿಗೆಯನ್ನು ಮಂಗೈ ಕೈಗೆ ಕೊಟ್ಟ.

"ತಪ್ಪು ತಿಳ್ಕೋಬೇಡಿ ಅಣ್ಣಾ, ನಿಮಗೆ ಕಣ್ಣಿನ ಆಪರೇಷನ್ ಆಗಿದೆಯಲ್ಲ. ಬಿಸಿಲಿಗೆ ಯಾಕೆ ತೊಂದ್ರೆ ಅಂತ."

"ಪೊರೆ ತೆಗ್ಸಿದ್ದು ಕಣೋ, ಕಣ್ಣು ಕೀಳ್ಸಿದ್ದಲ್ಲ!" ಎಂದು ಚೆನ್ನಿಯಪ್ಪನ್ ಕೂಗಿದ. ಎಲ್ಲರೂ ನಕ್ಕರು. ಅವನೂ ನಕ್ಕ ಹಾಗೆ ಮಾಡಿ, ತನ್ನ ವಿಮಾನ ಹಾರಿಸದೆಯೇ ವ್ಯಾನು ಹತ್ತಿ ಮನೆಗೆ ಬಂದ. ಬ್ಯಾಟರಿಗಳ ಚೀಲವನ್ನು ಅಟ್ಟಕ್ಕೆ ಎಸೆದ.

ಆ ವಾರವೇ ಆಡಿ ಗಾಳಿ ಎದ್ದಿತು. ಆ ಗಾಳಿಯಲ್ಲಿ ಯಾರೂ ಹಾರಿಸುವುದಿಲ್ಲ. ಈ ಬ್ಯಾಟರಿಗಳದ್ದು ಒಂದು ಸ್ವಭಾವ, ತುಂಬಿಸಿಟ್ಟರೂ ಕೆಡುತ್ತವೆ, ಖಾಲಿ ಇಟ್ಟರೂ ಕೆಡುತ್ತವೆ, ಅರ್ಧ ಹೊಟ್ಟೆಯಲ್ಲಿಡಬೇಕು. ಗುಂಪಿನಲ್ಲಿ ಎಲ್ಲರಿಗೂ ಇದನ್ನು ಹೇಳಿಕೊಟ್ಟವನೇ ಚೆನ್ನಿಯಪ್ಪನ್. ಅವನೇ ತುಂಬಿದ ಬ್ಯಾಟರಿಗಳನ್ನು ಅಟ್ಟದಲ್ಲಿ ಮರೆತ. ಗಾಳಿ ತಣಿದು, ನವರಾತ್ರಿಯ ಪುರಟ್ಟಾಸಿ ತಿಂಗಳು ಬಂದಾಗ ತೆಗೆದು ನೋಡಿದರೆ ಎಲ್ಲವೂ ಪೂರಿಯಂತೆ ಉಬ್ಬಿದ್ದವು. ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಸಾಯಿಸುವುದೊಂದೇ ದಾರಿ.

ಬಕೆಟ್ಟಿನ ಪಕ್ಕ ನಿಂತು ವಳ್ಳಿನಾಯಗಿ ಅಂದಳು, "ಒಳ್ಳೇ ನಿಮ್ಮ ಮುಖದ ಹಾಗೇ ಊದಿದಾವೆ."

"ಸುಮ್ನಿರೇ."

"ಯಾರ್ರೀ ಅವಳು, ಹಲ್ಲು ಮಾಡೋಳು? ಮೂರು ತಿಂಗಳಿಂದ ಊಟಕ್ಕೆ ಕೂತ್ರೂ ಅವಳ ಮಾತೇ. ಗಂಡ ಹೀಗೆ ಇನ್ನೊಬ್ಬ ಹೆಂಗಸಿನ ಮಾತೇ ಆಡ್ತಿದ್ರೆ ನಾನು ಹೊಟ್ಟೆ ಉರ್ಕೋಬೇಕಿತ್ತು. ಇಲ್ಲಿ ನೋಡಿದ್ರೆ ನೀವೇ ಉರ್ಕೊಳ್ತಾ ಇದೀರಿ. ಆ ಉರಿ ಮೇಲೆ ಒಂದು ಕಾವಲಿ ಇಟ್ರೆ ದೋಸೆ ಆದ್ರೂ ಬೇಯುತ್ತೆ."

ಅವನು ಉಪ್ಪು ಸಾಲದು ಎಂದು ಇನ್ನೊಂದು ಹಿಡಿ ಹಾಕಿದ.

ಅವನಿಗೆ ಉಳಿದದ್ದು ಒಂದೇ ಆಸೆ, ದೈವಸಿಗಾಮಣಿಯ ವಿಮಾನ. ದೈವಸಿಗಾಮಣಿ ಅವನ ಹಳೇ ಗೆಳೆಯ, ಗಿರಣಿಯಲ್ಲಿ ಮಗ್ಗದ ಮೇಸ್ತ್ರಿಯಾಗಿದ್ದು ನಿವೃತ್ತನಾದವನು. ನರದ ತೊಂದರೆಯಿಂದ ಬಲಗೈ ಸದಾ ಅದುರುತ್ತದೆ. ಆ ಅದುರುವ ಕೈಯಲ್ಲೇ ಒಂದೂವರೆ ಆಳುದ್ದದ ರೆಕ್ಕೆಯ ವಿಮಾನ ಕಟ್ಟುತ್ತಿದ್ದ. ಒಂದು ಕಡ್ಡಿ ಅಂಟಿಸಲು ಒಂದು ಬೆಳಗು ಬೇಕಾಗುತ್ತಿತ್ತು. ಇನ್ನೊಂದು ಕಟ್ಟುವ ಶಕ್ತಿ ಅವನಲ್ಲಿ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಚೆನ್ನಿಯಪ್ಪನ್ ಆಗಾಗ ಹೋಗಿ ಕಟ್ಟಿಗೆ ಹಿಡಿದುಕೊಂಡು ಕೂರುತ್ತಿದ್ದ. ಇದರ ಮೊದಲ ಕೈ ತನ್ನದೇ, ಇದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದ. ಕೇಳಿಯೂ ಇರಲಿಲ್ಲ.

ದೀಪಾವಳಿ ಬರುವ ಐಪ್ಪಸಿ ತಿಂಗಳ ಒಂದು ಭಾನುವಾರ ವಿಮಾನ ರಸ್ತೆಗೆ ಬಂತು. ಕೆಂಪು ಮೈ, ಕೆನೆ ಬಣ್ಣದ ರೆಕ್ಕೆ. ದೈವಸಿಗಾಮಣಿ ಗಂಧವಿಟ್ಟ, ಸುಂಡೆಕಾಯಿ ಇಟ್ಟ. ಪೆಟ್ಟಿಗೆ ಹಿಡಿದುಕೊಂಡು ನೆಟ್ಟಗೆ ಮಂಗೈ ಹತ್ತಿರ ಹೋದ.

"ತಗೋಮ್ಮಾ" ಅಂದ. ಗೆಳೆಯನ ಕಡೆ ತಿರುಗಿ, "ಮಾಪ್ಳೇ, ನೀನು ಬಾಲ ಹಿಡ್ಕೋ" ಅಂದ.

ಚೆನ್ನಿಯಪ್ಪನಿಗೆ ಕಿವಿಯಲ್ಲಿ ಗುಂಯ್ ಎಂದಿತು. ನಲವತ್ತು ವರ್ಷದ ಸ್ನೇಹ. ಇವನ ಮಗಳ ಮದುವೆಯಲ್ಲಿ ಬಾಳೆಎಲೆ ಎತ್ತಿದವನು ನಾನು. ಹೋಗಿ ಹೋಗಿ ಇವಳಿಗೆ! ಅಲ್ಲೇ ಬಿಟ್ಟು ಹೊರಟುಬಿಡಬೇಕು ಅನ್ನಿಸಿತು. ಹೊರಟರೆ ಎಲ್ಲರೂ ನಗುತ್ತಾರೆ ಎಂದು ಹೋಗಿ ವಿಮಾನದ ಹಿಂದೆ ಮಂಡಿಯೂರಿ ಬಾಲ ಹಿಡಿದುಕೊಂಡ.

ಬಾಲ ಹಿಡಿದವನಿಗೆ ಒಂದು ಕೆಲಸವಿದೆ. ಐಪ್ಪಸಿಯಲ್ಲಿ ಗಾಳಿ ಮೂಡಣದಿಂದ, ಹಾರುವುದು ಗಾಳಿಗೆ ಎದುರಾಗಿ, ಅಂದರೆ ಏಳುವ ಸೂರ್ಯನ ಕಡೆಗೆ. ಹಿಂದೆ ದೂರದಲ್ಲಿ ನಿಂತು ಹಾರಿಸುವವರ ಕಣ್ಣಿಗೆ ಬಿಸಿಲು ಕುಕ್ಕಿ ರೆಕ್ಕೆಯ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳು ಕಾಣುವುದಿಲ್ಲ. ಹಾರಿಸುವವರು ಪೆಟ್ಟಿಗೆಯ ಕಡ್ಡಿ ಆಡಿಸುತ್ತಾ ಕೇಳುತ್ತಾರೆ, ಬಾಲ ಹಿಡಿದವನು ನೋಡಿ ಹೇಳುತ್ತಾನೆ. ಕಡ್ಡಿ ಬಲಕ್ಕೆ ಹೋದರೆ ಬಲ ರೆಕ್ಕೆಯ ಪಟ್ಟಿ ಏಳಬೇಕು. ತಿರುಗುಮುರುಗಾದರೆ, ನೆಲ ಬಿಟ್ಟ ಕೂಡಲೇ ವಿಮಾನ ಬಲಕ್ಕೆ ಅಂದರೆ ಎಡಕ್ಕೆ ಹೊರಳಿ ಮೂಗು ಕುಟ್ಟಿ ಪುಡಿಯಾಗುತ್ತದೆ.

"ಮೇಲೆ?" ಮಂಗೈ ಕೂಗಿದಳು.

"ಸರಿ."

"ಬಲ?"

ಬಲ ರೆಕ್ಕೆಯ ಪಟ್ಟಿ ಕೆಳಗಿಳಿಯಿತು.

ಚೆನ್ನಿಯಪ್ಪನ್ ಸ್ಪಷ್ಟವಾಗಿ ನೋಡಿದ. ಕಾರಣವೂ ತಕ್ಷಣ ಹೊಳೆಯಿತು. ಪೆಟ್ಟಿಗೆಯಲ್ಲಿ ಒಂದೊಂದು ವಿಮಾನಕ್ಕೂ ಒಂದೊಂದು ಹೆಸರಿಟ್ಟು, ಅದರದರ ಪಟ್ಟಿ ಹೇಗೆ ಆಡಬೇಕೆಂಬ ಲೆಕ್ಕ ತುಂಬಿರುತ್ತೇವೆ. ದೈವಸಿಗಾಮಣಿ ಗಡಿಬಿಡಿಯಲ್ಲಿ ತನ್ನ ಹಳೇ ವಿಮಾನದ ಹೆಸರಿನಲ್ಲೇ ಬಿಟ್ಟುಬಿಟ್ಟಿದ್ದ. ನಮ್ಮವರಲ್ಲಿ ಈ ತಪ್ಪು ಮಾಡದವರಿಲ್ಲ, ಎರಡು ಗುಂಡಿ ಒತ್ತಿದರೆ ಸರಿಹೋಗುತ್ತದೆ. ತಪ್ಪು ಅಂದರೆ ಆಯಿತು. ಅನ್ನದಿದ್ದರೆ ಎಲ್ಲರೆದುರು ಅವಳ ಕೈಯಲ್ಲಿ ವಿಮಾನ ಪುಡಿಯಾಗುತ್ತದೆ, ಮುಂದೆ ಯಾವ ಮಗನೂ ಅವಳಿಗೆ ಮೊದಲ ಕೈ ಕೊಡುವುದಿಲ್ಲ.

"ಸರಿ" ಅಂದುಬಿಟ್ಟ.

"ಎಡ?"

"ಸರಿ."

ಅವಳು ಮೋಟಾರು ಏರಿಸಿದಳು. ಗಾಳಿ ಮುಖಕ್ಕೆ ಹೊಡೆಯಿತು, ವಿಮಾನ ಮುಂದಕ್ಕೆ ಜಗ್ಗಿತು. ಬಿಡಬೇಕು. ಬಿಟ್ಟರೆ ಮುಗಿಯಿತು. ಅವನ ಕಣ್ಣೆದುರಿಗೆ ಇದ್ದದ್ದು ರೆಕ್ಕೆಯ ಬುಡದ ಒಂದು ಕಡ್ಡಿ, ದೈವಸಿಗಾಮಣಿ ಮೂರು ಸಲ ಅಂಟಿಸಿ ಮೂರು ಸಲ ಕಿತ್ತು, ಕೊನೆಗೆ ಅತ್ತುಬಿಟ್ಟ ಕಡ್ಡಿ. ಆ ದಿನ ಅದನ್ನು ಹಿಡಿದುಕೊಂಡು ಕೂತಿದ್ದವನು ಇವನೇ. ಬೆರಳು ಬಿಚ್ಚಲಿಲ್ಲ.

"ಬಿಡಿ ಅಣ್ಣಾ!" ಮಂಗೈ ಕೂಗಿದಳು.

ಅವನು ಇನ್ನೂ ಬಿಗಿಯಾಗಿ ಹಿಡಿದ. ಬಾಲದ ತಂತಿ ಅಂಗೈ ಕೊಯ್ದಿತು.

"ಬಿಡ್ರೀ! ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?" ಪೊನ್ನರಸು ಕಿರುಚಿದ. ಅಷ್ಟು ಜನರ ಎದುರಿಗೆ, ಗಂಟಲು ಹರಿಯುವ ಹಾಗೆ.

"ಆರ್ಸು!" ಚೆನ್ನಿಯಪ್ಪನ್ ಕೂಗಿದ. "ಆರ್ಸಮ್ಮಾ! ಪಟ್ಟಿ ತಿರುಗುಮುರುಗಾಗಿದೆ!"

ಮೋಟಾರು ನಿಂತಿತು. ಎಲ್ಲರೂ ಓಡಿ ಬಂದರು. ಕಡ್ಡಿ ಆಡಿಸಿ ನೋಡಿದರು, ಹೌದು. ದೈವಸಿಗಾಮಣಿ ತಲೆ ಚಚ್ಚಿಕೊಂಡ. ಆಮೇಲೆ ನಿಧಾನವಾಗಿ ಕೇಳಿದ, "ಮಾಪ್ಳೇ, ಆಗ ಸರಿ ಅಂದ್ಯಲ್ಲೋ?"

ಚೆನ್ನಿಯಪ್ಪನ್ ಅಂಗೈಯ ರಕ್ತವನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನಿಂತ.

"ಅವರು ಸರಿಯಾಗಿ ನೋಡೋಕೆ ಮುಂಚೆನೇ ನಾನು ಮೋಟಾರು ಏರಿಸ್ದೆ ಮಾಮಾ" ಅಂದಳು ಮಂಗೈ. "ಆತುರ ನನ್ನದು."

ಅವಳು ಆತುರ ಮಾಡಿರಲಿಲ್ಲ. ಅದು ಅವಳಿಗೂ ಗೊತ್ತು, ಇವನಿಗೂ ಗೊತ್ತು. ಇವಳಿಂದ ಇದನ್ನೂ ಪಡೆಯಬೇಕೇ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ದೈವಸಿಗಾಮಣಿಯ ಕಣ್ಣಲ್ಲಿ ನೀರು. ಪೆಟ್ಟಿಗೆಯನ್ನು ಅವಳಿಂದ ಇಸಿದುಕೊಂಡು, ಹೆಸರು ಬದಲಾಯಿಸಿ, ಇವನೆದುರು ಹಿಡಿದ. "ಉಳಿಸಿದೋನು ನೀನು. ಮೊದಲ ಕೈ ನಿಂದೇ. ಹಿಡಿ."

ಸಿಕ್ಕಿತು. ಮೂರು ತಿಂಗಳು ಅನ್ನ ಸೇರದಂತೆ ಮಾಡಿದ್ದು ಕೈಗೆ ಬಂದು ನಿಂತಿತ್ತು. ಚೆನ್ನಿಯಪ್ಪನ್ ಕೈ ಚಾಚಿದ. ಮಂಗೈ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು, ಮುಖದಲ್ಲಿ ಒಂದು ಗೆರೆ ಬೇಸರವಿಲ್ಲ. ಸ್ವಲ್ಪ ಬೇಸರವಿದ್ದಿದ್ದರೆ ಅವನು ಖಂಡಿತ ತೆಗೆದುಕೊಳ್ಳುತ್ತಿದ್ದ.

ಚಾಚಿದ ಕೈಯನ್ನು ಹಣೆಗೆ ಅಡ್ಡ ಹಿಡಿದುಕೊಂಡ. "ಬಿಸಿಲು ಹೊಡೀತಿದೆ ಕಣೋ. ಆಪರೇಷನ್ ಆಗಿರೋ ಕಣ್ಣು. ಅವಳೇ ಹಾರಿಸ್ಲಿ, ನಾನು ಬಾಲ ಹಿಡೀತೀನಿ."

ಮತ್ತೆ ಮಂಡಿಯೂರಿದ. "ಬಲ?" ಎಂದು ಅವಳು ಕೂಗಿದಳು. ಅವನು ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ. "ಸರಿ" ಅಂದ. ಅವಳು ಹತ್ತಿರ ಬಂದು ಪರೀಕ್ಷಿಸಬಹುದಿತ್ತು, ಬರಲಿಲ್ಲ. ಮೋಟಾರು ಏರಿತು, ಅವನು ಬಿಟ್ಟ. ವಿಮಾನ ಸುಂಡೆಕಾಯಿಯ ಮೇಲೆ ಕುಪ್ಪಳಿಸಿ ಹೋಗಿ ಬಿಸಿಲಿನೊಳಗೆ ಎದ್ದಿತು. ದೈವಸಿಗಾಮಣಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಅವಳು ಇಳಿಸಿದ್ದು ಎಂದಿನಂತೆ ಯಾರಿಗೂ ಕೇಳಿಸಲಿಲ್ಲ, ಚೆನ್ನಿಯಪ್ಪನ ಹೊಟ್ಟೆ ಎಂದಿನಂತೆ ಉರಿಯಿತು.

ಹೊರಡುವಾಗ ಮಂಗೈ ತನ್ನ ಸಾಮಾನಿನ ಡಬ್ಬದಿಂದ ಹತ್ತಿ, ಪಟ್ಟಿ ತೆಗೆದು ಅವನ ಅಂಗೈಗೆ ಕಟ್ಟಿದಳು. ಬೇರೆ ಯಾರೂ ಹತ್ತಿರವಿರಲಿಲ್ಲ.

"ಅಣ್ಣಾ, ನಿಮ್ಮ ಬಾಯಿಗಿಂತ ನಿಮ್ಮ ಕೈ ಒಳ್ಳೇದು" ಅಂದಳು. ಗಂಟು ಬಿಗಿಯಾಗಿ ಎಳೆದು ಸ್ಕೂಟರು ಹತ್ತಿದಳು.

ಅಂದಿನಿಂದ ನಮ್ಮ ರಸ್ತೆಯಲ್ಲಿ ಹೊಸ ವಿಮಾನ ಬಂದರೆ ಮೊದಲ ಕೈ ಮಂಗೈಯದು, ಬಾಲ ಚೆನ್ನಿಯಪ್ಪನದು. ಅವಳು ಬಲ ಎಂದರೆ ಅವನು ಎರಡು ಸಲ ನೋಡದೆ ಬಾಯಿ ಬಿಡುವುದಿಲ್ಲ. ಅವಳ ಮೇಲಿನ ಕಿಚ್ಚು ಆರಿತೇ ಎಂದರೆ, ಎಲ್ಲಿಯ ಮಾತು! ಮೊನ್ನೆ ಅವನು ಬರುವುದು ತಡವಾಯಿತೆಂದು ಪೊನ್ನರಸು ಒಂದು ವಿಮಾನದ ಹಿಂದೆ ಮಂಡಿಯೂರಿದ್ದ. ಚೆನ್ನಿಯಪ್ಪನ್ ವ್ಯಾನಿನ ಬಾಗಿಲನ್ನೂ ಹಾಕದೆ ಓಡಿ ಬಂದ.

"ಏಯ್, ಏಳೋ ಮೇಲೆ! ಯಾರು ಹೇಳಿದ್ರು ನಿನಗೆ ಮುಟ್ಟು ಅಂತ?"

ಪೊನ್ನರಸು ಎದ್ದು ಜಾಗ ಬಿಟ್ಟ. ದೂರದಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದ ಮಂಗೈ, ಅವನು ಬಾಲ ಹಿಡಿಯುವ ತನಕ ಕಾದು, ಆಮೇಲೆ ಕೇಳಿದಳು, "ಬಲ?"