ಕುಲಾವಿಯ ಕೆಳಗಿನ ಪೆಟ್ಟಿಗೆ

ಇಂಗ್ಲೆಂಡಿನ ಹ್ಯಾಗ್‌ಬ್ರಿಡ್ಜ್ ಊರಿನಲ್ಲಿ ಎನಿಡ್ ಅಜ್ಜಿಗೆ ನಗರಸಭೆ ಕೊಟ್ಟ ಬಾಡಿಗೆ ಮನೆಯೊಂದಿತ್ತು. ಮೇಲಿನ ಮನೆಯ ಕೀರನ್ ಹಾಡು ಹಾಕಿದನೆಂದರೆ ಕೆಳಗೆ ಅಜ್ಜಿಯ ಕಟ್ಟಿಸಿದ ಹಲ್ಲು ಲೋಟದೊಳಗೇ ಕುಣಿಯುತ್ತಿತ್ತು. ಹಿಂದೆ ಅವನ ಮೇಲೆ ದೂರು ಕೊಟ್ಟವರ ಕಿಟಕಿಗೆ ಇಟ್ಟಿಗೆ ಬಿದ್ದಿತ್ತು. ಆದರೂ ಅಜ್ಜಿ ಗುಟ್ಟಾಗಿ ದೂರು ಕೊಟ್ಟಳು. ನಗರಸಭೆಯವರು ಬಂದು, ಗದ್ದಲವನ್ನು ಸಾಕ್ಷಿಗೆಂದು ರೆಕಾರ್ಡ್ ಮಾಡುವ ಪೆಟ್ಟಿಗೆಯೊಂದನ್ನು ಅವಳ ಮೇಜಿನ ಮೇಲೆ ಇಟ್ಟು ಹೋದರು.

ಅವರ ವ್ಯಾನು ತಿರುವು ದಾಟುವ ಮೊದಲೇ ಕೀರನ್ ಬಾಗಿಲು ಬಡಿದ. ಟೀ ಪಾತ್ರೆ ಬೆಚ್ಚಗಿರಲೆಂದು ಹೆಣೆದಿದ್ದ ಉಣ್ಣೆಯ ಕುಲಾವಿಯನ್ನು ಅಜ್ಜಿ ಆ ಪೆಟ್ಟಿಗೆಗೆ ತೊಡಿಸಿ ಬಾಗಿಲು ತೆಗೆದಳು. ಅವಳ ಎದೆಬಡಿತ ಲಂಡನ್ನಿಗೂ ಕೇಳಿಸಿರಬೇಕು.

"ಏನಜ್ಜಿ, ಆ ವ್ಯಾನು ನಿಮ್ಮನೇಗೇ ಬಂದಿದ್ದಾ?"

"ನಲ್ಲಿ ಸೋರ್ತಿತ್ತಪ್ಪ."

"ನಲ್ಲಿಗಾ? ನಮ್ಮನೆ ನಲ್ಲಿ ಹೋದ್ ಕ್ರಿಸ್‌ಮಸ್ಸಿಂದ ಸೋರ್ತಿದೆ, ಒಂದು ನರಪಿಳ್ಳೆ ಬಂದಿಲ್ಲ." ಅವನು ನಗುತ್ತಲೇ ಒಳಗೆ ಬಂದು ಕುಲಾವಿಗೆ ಕೈ ಚಾಚಿದ. "ಟೀ ಆಗಿದೆ ಅನ್ಸತ್ತೆ."

"ಮುಟ್ಬೇಡ ಮಾರಾಯ, ಈಗ್ತಾನೇ ಟೀ ಸೊಪ್ಪು ಹಾಕಿದೀನಿ. ಇನ್ನೂ ಬಣ್ಣ ಬಿಟ್ಟಿಲ್ಲ."

ಬಣ್ಣ ಬಿಡುವ ಮುಂಚೆ ಟೀ ಬಗ್ಗಿಸುವಷ್ಟು ಕೆಟ್ಟವನು ಆ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಕೀರನ್ ಕೈ ಹಿಂದಕ್ಕೆ ತೆಗೆದುಕೊಂಡ.

"ಸರಿ ಬಿಡಿ, ಕಾಯ್ತೀನಿ" ಎಂದವನೇ ಕುರ್ಚಿ ಎಳೆದುಕೊಂಡು ಕುಲಾವಿಯ ಎದುರಿಗೇ ಕೂತ.